ಮುರಿದ ಕುರ್ಚಿಯೂ ಮದುವೆಯ ಕೋಟೂ

ಚೆಕಾವನ ಸಣ್ಣ ಪ್ರಹಸನಗಳ ಸೊಗಸೆಲ್ಲ ಅಲ್ಲಿನ ಜನರ ಗಾಂಭೀರ್ಯದಲ್ಲಿದೆ. ಅಲ್ಲಿ ಯಾರೂ ನಮ್ಮನ್ನು ನಗಿಸಲೆಂದು ಬಂದವರಲ್ಲ. ಒಬ್ಬನಿಗೆ ಬಾಕಿ ವಸೂಲಾಗಬೇಕು, ಒಬ್ಬನಿಗೆ ಮದುವೆಯಾಗಬೇಕು, ಮತ್ತೊಬ್ಬನಿಗೆ ಹೆಂಡತಿ ಹೇಳಿಕಳಿಸಿದ ಭಾಷಣವನ್ನು ಹೇಗಾದರೂ ಮುಗಿಸಬೇಕು. ಅವರವರ ಪಾಲಿಗೆ ಅದು ಜೀವನ್ಮರಣದ ಪ್ರಶ್ನೆ. ಆ ತೀವ್ರತೆಯನ್ನು ನಟ ಎಷ್ಟು ನಂಬುತ್ತಾನೋ ನಮ್ಮ ಹೊಟ್ಟೆ ಅಷ್ಟು ಹುಣ್ಣಾಗುತ್ತದೆ. ನಾಲ್ಕಾರು ಜನರ ಪುಟ್ಟ ತಂಡ, ಒಂದು ಸೋಫಾ, ಒಂದು ಮೇಜು, ಎರಡು ಕುರ್ಚಿ, ಮುಂದಿನ ಸಾಲಿಗೆ ಉಸಿರು ತಾಗುವಷ್ಟು ಹತ್ತಿರದ ರಂಗ. ಈ ನಾಟಕಗಳನ್ನು ಸವಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

‘ಕರಡಿ’ ಹುಟ್ಟಿದ್ದು 1888ರಲ್ಲಿ. ‘ಸ್ಟೆಪಿ’ಯಂಥ ವಿಶಾಲವಾದ, ಗಾಳಿಯಾಡುವ ನೀಳ್ಗತೆ ಬಂದದ್ದೂ ಅದೇ ವರ್ಷ, ಚೆಕಾವನಿಗೆ ಪುಷ್ಕಿನ್ ಪ್ರಶಸ್ತಿ ಸಿಕ್ಕಿದ್ದೂ ಅದೇ ವರ್ಷ. ಅಕ್ಟೋಬರಿನಲ್ಲಿ ಮಾಸ್ಕೋದ ಕೋರ್ಶ್ ರಂಗಮಂದಿರದಲ್ಲಿ ನಾಟಕ ಮೊದಲ ಸಲ ರಂಗಕ್ಕೇರಿದಾಗ ಕರಡಿಯಾಗಿ ಗುಡುಗಿದವನು ನಿಕೊಲಾಯ್ ಸೊಲೊವ್‌ತ್ಸೋವ್. ಕೃತಿಯ ಅರ್ಪಣೆಯೂ ಅವನಿಗೇ. ಇಂಥ ಏಕಾಂಕಗಳಿಗೆ ಚೆಕಾವ್ ಕೊಟ್ಟ ಉಪಶೀರ್ಷಿಕೆ ಬರೀ ‘ತಮಾಷೆ’ ಎಂದು. ಆ ತಮಾಷೆ ಊರೂರು ತಿರುಗಿತು, ಕೈತುಂಬ ಕಾಸನ್ನೂ ತಂದುಕೊಟ್ಟಿತು. ಇದಕ್ಕೆ ಕರಡಿಯ ಬದಲು ಕರೆಯುವ ಹಸು ಅಂತಲೇ ಹೆಸರಿಡಬಹುದಿತ್ತು ಎಂದು ಅವನೇ ಖುಷಿಪಟ್ಟಿದ್ದ.

ತೆರೆ ಸರಿದಾಗ ವಿಧವೆ ಪೊಪೊವಾ ಗಂಡನ ಫೋಟೋ ನೋಡುತ್ತ ಕೂತಿದ್ದಾಳೆ. ಅವನು ತೀರಿಕೊಂಡು ಏಳು ತಿಂಗಳು. ಇನ್ನು ಸಾಯುವವರೆಗೂ ಈ ನಾಲ್ಕು ಗೋಡೆ ಬಿಟ್ಟು ಹೊರಬರುವುದಿಲ್ಲ ಎಂಬ ಶಪಥ. ಆದರೆ ಕರಿಬಟ್ಟೆ ತೊಟ್ಟ ಈ ಹೆಂಗಸಿನ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ಪಾತ್ರಪರಿಚಯದಲ್ಲೇ ಚೆಕಾವ್ ಬರೆದಿಟ್ಟಿದ್ದಾನೆ. ಮುಖಕ್ಕೆ ಪೌಡರು ಹಚ್ಚುವುದನ್ನೂ ಅವಳು ಮರೆತಿಲ್ಲ. ಅಲ್ಲಿಗೆ ಸತ್ತ ಗಂಡ ಕುದುರೆಯ ಓಟ್ಸ್‌ಗಾಗಿ ಮಾಡಿದ 1,200 ರೂಬಲ್ ಸಾಲ ವಸೂಲು ಮಾಡಲು ಸ್ಮಿರ್ನೋವ್ ನುಗ್ಗುತ್ತಾನೆ. ಬೂಟಿನ ತುಂಬ ಕೆಸರು, ಬಾಚದ ತಲೆ, ವೇಸ್ಟ್‌ಕೋಟಿನ ಮೇಲೆ ಹುಲ್ಲುಕಡ್ಡಿ. ಆ ಹುಲ್ಲುಕಡ್ಡಿಯನ್ನು ನಾನು ಎಷ್ಟು ಇಷ್ಟಪಡುತ್ತೇನೆಂದರೆ, ಯಾವ ಪ್ರಯೋಗಕ್ಕೆ ಹೋದರೂ ಮೊದಲು ಅದನ್ನೇ ಹುಡುಕುತ್ತೇನೆ. ಜಗಳವಾಡುತ್ತ ಆಡುತ್ತ ಅವನಿಗೆ ಏಕಾಏಕಿ ತನ್ನ ವೇಷದ ನೆನಪಾಗುತ್ತದೆ. ಪ್ರೇಮ ಆಗಲೇ ಅಲ್ಲಿ ಹೆಜ್ಜೆಯಿಟ್ಟಿರುತ್ತದೆ. ಅವನಿಗೆ ಮಾತ್ರ ಗೊತ್ತಿಲ್ಲ.

ಇನ್ನು ಕುರ್ಚಿಯ ವಿಷಯ. ಹೆಂಗಸರ ಮೇಲೆ ವಾಗ್ದಾಳಿ ನಡೆಸುವಾಗ ಸ್ಮಿರ್ನೋವ್ ಕುರ್ಚಿಯ ಬೆನ್ನು ಹಿಡಿಯುತ್ತಾನೆ, ಕುರ್ಚಿ ಲಟಕ್ಕೆಂದು ಮುರಿಯುತ್ತದೆ. ಪ್ರೇಮನಿವೇದನೆ ಮಾಡುವಾಗಲೂ ಹಿಡಿಯುತ್ತಾನೆ, ಇನ್ನೊಂದು ಕುರ್ಚಿ ಮುರಿಯುತ್ತದೆ. ಕೋಪಕ್ಕೂ ಒಲವಿಗೂ ಒಂದೇ ಸದ್ದು! ಪುಟ್ಟ ತಂಡವೊಂದರ ತಾಲೀಮಿನಲ್ಲಿ ಇದರ ಹಿಂದಿನ ಕೆಲಸವನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೆನ್ನಿನ ಎರಡು ಕಂಬಗಳನ್ನು ಮೊದಲೇ ಕೊಯ್ದು, ಒಳಗೆ ತೆಳ್ಳನೆಯ ಮರದ ಬೆಣೆ ಸಿಕ್ಕಿಸಿ, ಮೇಲೆ ಬಣ್ಣ ಬಳಿದು ನಿಲ್ಲಿಸಿದ್ದರು. ಬೆಣೆ ದಪ್ಪವಾದರೆ ನಟ ಎಷ್ಟು ತಿಣುಕಿದರೂ ಮುರಿಯದು. ಸಣ್ಣದಾದರೆ ಯಾರೋ ಪಕ್ಕದಲ್ಲಿ ಹಾದುಹೋದರೂ ಕಳಚೀತು. ಪರಿಕರ ನೋಡಿಕೊಳ್ಳುತ್ತಿದ್ದ ಹುಡುಗ ಮಂಡಿಯೂರಿ ಕೂತು ಬೆಣೆಯನ್ನು ಉಜ್ಜುತ್ತಿದ್ದ, ಸಿಕ್ಕಿಸುತ್ತಿದ್ದ, ಅಲ್ಲಾಡಿಸಿ ನೋಡುತ್ತಿದ್ದ, ಮತ್ತೆ ಉಜ್ಜುತ್ತಿದ್ದ. ನಟ ತನ್ನ ಮಾತಿನ ಯಾವ ಪದದ ಮೇಲೆ ಮುರಿಯಬೇಕೆಂದು ಅವನನ್ನೇ ಕೇಳುತ್ತಿದ್ದ. ಕೊನೆಗೆ ಆ ಸದ್ದು ಬಿದ್ದದ್ದು ವಾಕ್ಯದ ತುದಿಯಲ್ಲಲ್ಲ, ನಟ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ. ಆಹಾ, ಎಂಥ ಜಾಗ! ಅರೆಕ್ಷಣ ಸ್ಮಿರ್ನೋವ್ ತನ್ನ ಕೈಲಿದ್ದ ಮರದ ತುಂಡನ್ನು ದಿಟ್ಟಿಸಿದ. ಆ ನೋಟದಲ್ಲಿ ನಾಚಿಕೆಯಿತ್ತು, ಕುರ್ಚಿಯ ಮೇಲೇ ಸಿಟ್ಟಿತ್ತು, ಈ ಮನೆಯ ಸಾಮಾನೆಲ್ಲ ಇಷ್ಟೇ ಎಂಬ ತಾತ್ಸಾರವೂ ಇತ್ತು.

ಕಡೆಯಲ್ಲಿ ಮುದಿ ಆಳು ಲೂಕಾ ಕೊಡಲಿ ಹಿಡಿದು, ಹಿಂದೆ ಮಾಲಿ, ಗಾಡಿಯವನು, ಕೂಲಿಗಳನ್ನು ಕಟ್ಟಿಕೊಂಡು ಯಜಮಾನಿಯನ್ನು ಕಾಪಾಡಲು ಓಡಿಬರುತ್ತಾನೆ. ಇಲ್ಲಿ ನೋಡಿದರೆ ಅವರಿಬ್ಬರು ಚುಂಬನದಲ್ಲಿ ಮೈಮರೆತಿದ್ದಾರೆ. ನಾನು ನೋಡಿದ ತಂಡದಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು? ಲೂಕಾನ ಹಿಂದೆ ಬೆಳಕು ನೋಡಿಕೊಳ್ಳುವವನೇ ಕುಂಟೆ ಹಿಡಿದು ಬಂದ. ಇಬ್ಬರೇ, ಆದರೆ ಕೊಡಲಿಯೂ ಕುಂಟೆಯೂ ಗಾಳಿಯಲ್ಲಿ ಹಾಗೇ ನಿಂತವು. ಆಗ ಪೊಪೊವಾ ಕಣ್ಣು ತಗ್ಗಿಸಿ, ಗಂಡನ ಮೆಚ್ಚಿನ ಕುದುರೆ ಟೋಬಿಗೆ ಇವತ್ತು ಓಟ್ಸ್ ಹಾಕುವುದೇ ಬೇಡ ಎನ್ನುತ್ತಾಳೆ. ನಾಟಕದ ಮೊದಲಲ್ಲಿ ಅದೇ ಟೋಬಿಗೆ ಗಂಡನ ನೆನಪಿಗೆಂದು ಹೆಚ್ಚಿನ ಓಟ್ಸ್ ಹಾಕಿಸಿದವಳು ಇವಳೇ. ಏಳು ತಿಂಗಳ ಶೋಕ ಒಂದು ಕುದುರೆಯ ಗೋದಲಿಯಲ್ಲಿ ಮುಗಿಯಿತು. ಇಷ್ಟು ಹಗುರವಾದ, ಇಷ್ಟು ನಿಖರವಾದ ಮುಕ್ತಾಯವನ್ನು ಬರೆಯಲು ಚೆಕಾವನೇ ಬೇಕು.

‘ಕರಡಿ’ ಒಂದೇ ದಿಕ್ಕಿಗೆ ಧುಮುಕುತ್ತದೆ. ಅದರ ಬೆನ್ನಿಗೇ ಬಂದ ‘ಮದುವೆಯ ಪ್ರಸ್ತಾಪ’ ಗಿರಗಿರ ತಿರುಗುತ್ತದೆ. ಟೇಲ್‌ಕೋಟು, ಬಿಳಿ ಕೈಗವಸು ತೊಟ್ಟು ಲೋಮೋವ್ ಹೆಣ್ಣು ಕೇಳಲು ಬಂದಿದ್ದಾನೆ. ವಯಸ್ಸು 35, ತುಂಬಿದ ಮೈ, ಇಲ್ಲದ ಕಾಯಿಲೆಯಿಲ್ಲ: ಎದೆ ಡವಗುಟ್ಟುತ್ತದೆ, ಬಲಗಣ್ಣಿನ ರೆಪ್ಪೆ ಅದುರುತ್ತದೆ. ಅವನು ಕೇಳಬಂದ ಹುಡುಗಿ ನತಾಲ್ಯಾ ಬರುವುದು ಬಟಾಣಿ ಬಿಡಿಸುತ್ತಿದ್ದ ಏಪ್ರನ್‌ನಲ್ಲೇ. ಮದುವೆಯ ಮಾತು ಬಾಯಿಗೆ ಬರುವ ಮೊದಲೇ ಒಂದು ಹುಲ್ಲುಗಾವಲು ಯಾರದೆಂಬ ಜಗಳ ಹತ್ತಿಕೊಳ್ಳುತ್ತದೆ. ಇರುವುದು 5 ದೆಸ್ಯಾತಿನಾ, ನಮ್ಮ ಲೆಕ್ಕದಲ್ಲಿ ಹದಿಮೂರೂವರೆ ಎಕರೆ. ಬೆಲೆ 300 ರೂಬಲ್. ಬೆಲೆಯ ಮಾತಲ್ಲ, ನ್ಯಾಯದ ಮಾತು ಎಂದು ಇಬ್ಬರೂ ಕೂಗುತ್ತಾರೆ. 1889ರ ಆಗಸ್ಟಿನಲ್ಲಿ ಕ್ರಾಸ್ನೊಯೆ ಸೆಲೊದಲ್ಲಿ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರ್ ಈ ನಾಟಕವನ್ನು ನೋಡಿ ಮೆಚ್ಚಿದನಂತೆ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಆ ಚೂರು ಹುಲ್ಲುಗಾವಲಿನ ವ್ಯಾಜ್ಯವನ್ನು ಕೂತು ನೋಡಿದ ಚಿತ್ರ ನನಗೆ ಬಹಳ ಪ್ರಿಯ.

ಆದರೆ ನಾನು ಕಾಯುವುದು ಬೇರೊಂದು ಗಳಿಗೆಗೆ. ಲೋಮೋವನನ್ನು ಬೈದು ಓಡಿಸಿಯಾಗಿದೆ. ಅಪ್ಪ ಚುಬುಕೋವ್ ಇನ್ನೂ ಬುಸುಗುಡುತ್ತಿದ್ದಾನೆ. ಬೈಗುಳದ ನಡುವೆ, ಈ ಮೂರ್ಖ ಹೆಣ್ಣು ಕೇಳಲು ಬಂದಿದ್ದ ಎಂಬುದು ಅವನ ಬಾಯಿಂದ ಜಾರುತ್ತದೆ. ನತಾಲ್ಯಾಳ ಬಾಯಿ ಅರ್ಧ ತೆರೆದು ನಿಲ್ಲುತ್ತದೆ. ಇಲ್ಲಿ ಒಳ್ಳೆಯ ನಟಿ ಅವಸರ ಮಾಡುವುದಿಲ್ಲ. ಸಿಟ್ಟು ಮೊದಲು ಕೈಯಿಂದ ಇಳಿಯುತ್ತದೆ, ಆಮೇಲೆ ಭುಜದಿಂದ, ಕಟ್ಟಕಡೆಗೆ ಕಣ್ಣಿನಿಂದ. ಖಾಲಿಯಾದ ಆ ಕಣ್ಣಿಗೆ ಮೆಲ್ಲನೆ, ಬಹಳ ಮೆಲ್ಲನೆ, ಕೈತಪ್ಪಿಹೋದ ಮದುವೆ ಬಂದು ಕೂರುತ್ತದೆ. ಮರುಕ್ಷಣ ಅವಳು ಕುರ್ಚಿಗೆ ಕುಸಿದು, ಅವನನ್ನು ವಾಪಸು ಕರೆತನ್ನಿ ಎಂದು ಗೋಳಾಡುತ್ತಾಳೆ. ಲೋಮೋವ್ ಬರುತ್ತಾನೆ. ಇಬ್ಬರೂ ಬೆಣ್ಣೆಯಂಥ ಮಾತಾಡುತ್ತಾರೆ. ಅಪಾಯವಿಲ್ಲದ ವಿಷಯವೆಂದು ಬೇಟೆಯ ಮಾತು ತೆಗೆಯುತ್ತಾರೆ. ಬೇಟೆಯೆಂದರೆ ನಾಯಿ, ನಾಯಿಯೆಂದರೆ ಯಾರ ನಾಯಿ ಮೇಲು? ಮುಗಿಯಿತು.

ಈ ನಾಟಕಗಳಲ್ಲಿ ಮೂರ್ಛೆಗಳು ಧಾರಾಳ. ಮೇಯರ್‌ಹೋಲ್ಡ್‌ನಂಥ ಮಹಾನ್ ನಿರ್ದೇಶಕ 1935ರಲ್ಲಿ ಚೆಕಾವನ ‘ವಾರ್ಷಿಕೋತ್ಸವ’, ‘ಕರಡಿ’, ‘ಪ್ರಸ್ತಾಪ’ ಮೂರನ್ನೂ ಜೋಡಿಸಿ, ಎಲ್ಲ ಮೂರ್ಛೆಗಳನ್ನು ಎಣಿಸಿ, ಪ್ರಯೋಗಕ್ಕೆ ‘33 ಮೂರ್ಛೆಗಳು’ ಎಂದೇ ಹೆಸರಿಟ್ಟ. ಲೋಮೋವನಾಗಿ ಇಗೋರ್ ಇಲ್ಯಿನ್ಸ್ಕಿ, ಪೊಪೊವಾ ಆಗಿ ಜಿನಾಯಿದಾ ರಾಯ್ಖ್. ಗಂಡಸರು ಬಿದ್ದರೆ ಹಿತ್ತಾಳೆಯ ವಾದ್ಯ, ಹೆಂಗಸರು ಬಿದ್ದರೆ ತಂತಿವಾದ್ಯ. ಭವ್ಯವಾದ ಕಲ್ಪನೆ. ಆದರೂ ಅಷ್ಟು ಅಲಂಕಾರದ ಭಾರಕ್ಕೆ ನಗು ತಗ್ಗಿತೆಂದು ಆಮೇಲೆ ಆ ತಂಡದವರೇ ಒಪ್ಪಿದರು. ನನ್ನ ರುಚಿ ಪುಟ್ಟ ರಂಗದ ಕಡೆಗೇ ವಾಲುವುದು ಇದಕ್ಕೇ. ಅಲ್ಲಿ ಲೋಮೋವನ ಮೂರ್ಛೆಗೆ ವಾದ್ಯವೃಂದ ಬೇಡ. ಬಿಳಿ ಕೈಗವಸಿನ ಒಂದು ಬೆರಳು ಕುರ್ಚಿಯ ತೋಳಿನ ಮೇಲೆ ಸ್ವಲ್ಪ ನಡುಗಿ ಸುಮ್ಮನಾದರೆ ಸಾಕು, ಸಭೆಯೆಲ್ಲ ಅದನ್ನು ಕಾಣುತ್ತದೆ.

ರಷ್ಯನ್ ಹಾಸ್ಯದ ಈ ಕುಲದಲ್ಲಿ ಮದುವೆಯ ಕೋಟಿಗೆ ಒಂದು ವಂಶಾವಳಿಯೇ ಇದೆ. ಗೊಗೊಲನ ‘ಮದುವೆ’ ರಂಗಕ್ಕೆ ಬಂದದ್ದು 1842ರಲ್ಲಿ. ಅದರಲ್ಲಿ ಪೊದ್ಕೊಲ್ಯೋಸಿನ್ ಸೋಫಾದ ಮೇಲೆ ಬಿದ್ದುಕೊಂಡು, ಟೇಲ್‌ಕೋಟು ಯಾಕೆ ಹೊಲಿಸುತ್ತಿದ್ದಾರೆಂದು ದರ್ಜಿ ಕೇಳಿದನೇ ಎಂದು ಆಳನ್ನು ಪೀಡಿಸುತ್ತಾನೆ; ಕೊನೆಗೆ ಮದುವೆಗೆ ಹೆದರಿ ಕಿಟಕಿಯಿಂದ ಹಾರಿ ಓಡುತ್ತಾನೆ. ಲೋಮೋವ್ ಆ ಕೋಟನ್ನು ತೊಟ್ಟುಕೊಂಡೇ ಬಂದ. ‘ತಂಬಾಕಿನ ಕೆಡುಕು’ ನಾಟಕದ ನ್ಯೂಖಿನ್ ಅದನ್ನು ಕಿತ್ತೆಸೆಯುತ್ತಾನೆ. ಚೆಕಾವ್ 1886ರಲ್ಲಿ ಬರೆದು, 1902ರವರೆಗೂ ಮತ್ತೆಮತ್ತೆ ತಿದ್ದಿದ ಏಕಪಾತ್ರದ ರತ್ನ ಇದು. ಹೆಂಡತಿಯ ಅಪ್ಪಣೆಯಂತೆ ಉಪನ್ಯಾಸಕ್ಕೆ ಬಂದ ಮುದುಕ, ತಂಬಾಕನ್ನು ಬಿಟ್ಟು ತನ್ನ ಬಾಳನ್ನೇ ತೋಡಿಕೊಳ್ಳುತ್ತಾನೆ. ಮೂವತ್ತು ವರ್ಷದ ಹಿಂದೆ ಮದುವೆಗೆ ತೊಟ್ಟ ಕೋಟನ್ನು ನೆಲಕ್ಕೆ ಹಾಕಿ ತುಳಿಯುತ್ತಾನೆ. ನಗುತ್ತಿದ್ದ ಗಂಟಲು ಅಲ್ಲೇ ಕಟ್ಟುತ್ತದೆ. ಅಷ್ಟರಲ್ಲಿ ಸೈಡ್‌ವಿಂಗ್‌ನಲ್ಲಿ ಹೆಂಡತಿ ಬಂದು ನಿಂತದ್ದು ಕಾಣುತ್ತದೆ. ಅದೇ ಕೋಟು ಮತ್ತೆ ಮೈಗೇರುತ್ತದೆ, ಮಾತು ಮತ್ತೆ ತಂಬಾಕಿಗೆ ಮರಳುತ್ತದೆ.

ಹಾಗಾಗಿ ಪುಟ್ಟ ತಂಡಗಳಿಗೆ ನನ್ನ ಒಲವಿನ ಸಲಹೆ: ಒಂದೇ ಸಂಜೆಗೆ ಮೂರನ್ನೂ ಆಡಿ. ಮೊದಲು ‘ಕರಡಿ’, ಪ್ರೇಕ್ಷಕರ ಮೈ ಬಿಸಿಯಾಗಲಿ. ಆಮೇಲೆ ‘ಪ್ರಸ್ತಾಪ’, ಪಕ್ಕೆಲುಬು ನೋಯಲಿ. ಕಡೆಗೆ ಒಬ್ಬನೇ ನ್ಯೂಖಿನ್. ಲೋಮೋವ್ ತೊಟ್ಟ ಕೋಟನ್ನೇ ಅವನಿಗೂ ತೊಡಿಸಿ. ಖರ್ಚೂ ಉಳಿಯುತ್ತದೆ, ಅರ್ಥವೂ ಹೆಚ್ಚುತ್ತದೆ. ನೋಡುವವರು ದಯವಿಟ್ಟು ಮುಂದಿನ ಸಾಲನ್ನೇ ಹಿಡಿಯಿರಿ. ಹುಲ್ಲುಕಡ್ಡಿ, ಕೆನ್ನೆಯ ಗುಳಿ, ನಡುಗುವ ಬೆರಳು ಇವೆಲ್ಲ ಹತ್ತಿರದಿಂದ ನೋಡಿದವರ ಪಾಲಿನ ಸಂಪತ್ತು.