ಮಗನ ಮನೆಯ ಅಮೆರಿಕ

ನಮ್ಮ ಬಾಳುವೆಯನ್ನೂ ಪರದೇಶದವರ ಬಾಳುವೆಯನ್ನೂ ತಕ್ಕಡಿಗೆ ಹಾಕಿ ತೂಗುವ ಚಪಲ ಕನ್ನಡ ಲೇಖಕರಿಗೆ ಹೊಸದೇನಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಮೊದಲಾದುವು ಓದಿಗೋ, ಸಂಶೋಧನೆಗೋ, ಕಣ್ಣಾರೆ ಕಾಣಬೇಕೆಂಬ ಹಂಬಲದಿಂದಲೋ ಹೊರಟವರ ಬರಹಗಳು. ಅಂಥವರು ಅಲ್ಲಿ ತಮ್ಮ ಓಡಾಟವನ್ನು ತಾವೇ ನೋಡಿಕೊಳ್ಳಬೇಕಾಗಿತ್ತು. 1965ರಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಿಸಿದ ಮೇಲೆ ಈ ಸಾಹಿತ್ಯದ ಸ್ವರೂಪವೇ ಬೇರೆಯಾಯಿತು. ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ಅಲ್ಲಿ ಸಂಸಾರ ಹೂಡಿದರು. ಹತ್ತು ಹದಿನೈದು ವರ್ಷ ಕಳೆಯುವುದರೊಳಗೆ ಅವರ ತಂದೆತಾಯಿಗಳು ವಿಮಾನ ಹತ್ತಿದರು. ಪ್ರವಾಸಿಯ ಜಾಗದಲ್ಲಿ ಬೀಗರೂ ಅಜ್ಜಂದಿರೂ ಬಂದು ಕುಳಿತರು.

ಈ ಸಾಲಿನಲ್ಲಿ ಮೊದಲು ನೆನಪಿಗೆ ಬರುವುದು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಹೆಸರಿನಲ್ಲಿಯೇ ಅದರ ಗುಟ್ಟಿದೆ. ಗೊರೂರು ಎಂದರೆ ಲೇಖಕರೂ ಹೌದು, ಹೇಮಾವತಿಯ ದಂಡೆಯ ಊರೂ ಹೌದು. ಅಮೆರಿಕವನ್ನು ಅಳೆಯಲು ಅವರ ಕೈಯಲ್ಲಿದ್ದುದು ಹಾಸನ ಜಿಲ್ಲೆಯ ಆ ಒಂದು ಹಳ್ಳಿಯ ಅಳತೆಗೋಲು. ಅದರ ಗಂಟುಗಳೆಲ್ಲ ಅವರಿಗೆ ಬಾಯಿಪಾಠ. ಆಮೇಲೆ ಅದೇ ದಾರಿ ಹಿಡಿದ ಅನೇಕರು ಊರನ್ನು ಬಿಟ್ಟು ‘ಭಾರತೀಯ ಸಂಸ್ಕೃತಿ’ಯನ್ನು ಹೊತ್ತುಕೊಂಡು ಹೋದರು. ಅಷ್ಟು ದೊಡ್ಡ ಕೋಲಿನಿಂದ ಅಡುಗೆಮನೆಯನ್ನು ಅಳೆಯಲಾಗುವುದೆ? ಎ. ಎನ್. ಮೂರ್ತಿರಾಯರು ತಮ್ಮ ಪುಸ್ತಕವನ್ನು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಕರೆದರು. ನೋಡುವ ಕಣ್ಣು ಯಾವ ವಯಸ್ಸಿನದೆಂದು ಮೊದಲೇ ತಿಳಿಸಿಬಿಡುವ ಈ ಸೌಜನ್ಯ ಎಲ್ಲರಿಗೂ ಬರುವುದಿಲ್ಲ.

ಈಚಿನ ಬಹುಪಾಲು ಅಮೆರಿಕ ಕಥನಗಳಿಗೆ ಒಂದೇ ಅಚ್ಚು. ಮೊದಲರ್ಧದಲ್ಲಿ ಧೂಳಿಲ್ಲದ ರಸ್ತೆ, ನಲ್ಲಿ ತಿರುಗಿಸಿದರೆ ಬಿಸಿನೀರು, ನಯಾಗರ. ಉತ್ತರಾರ್ಧದಲ್ಲಿ ಅಲ್ಲಿನವರಿಗೆ ಅಂತಃಕರಣವಿಲ್ಲವೆಂಬ ದೂರು. ಲೆಕ್ಕ ಸರಿಹೋಯಿತೆಂದು ಲೇಖಕರು ನೆಮ್ಮದಿಯಿಂದ ಊರಿಗೆ ಮರಳುತ್ತಾರೆ. ಆದರೆ ಮಂಗಳವಾರ ಹಗಲು ಹನ್ನೊಂದು ಗಂಟೆಗೆ, ಮಗ ಸೊಸೆ ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೋದಮೇಲೆ, ಅವರು ಏನು ಮಾಡಿದರು? ನಗರದ ಹೊರವಲಯದ ಆ ಮನೆಗಳಿಂದ ಅಂಗಡಿ ಹಲವು ಮೈಲಿ, ಬಸ್ಸು ಅಪರೂಪ, ಕಾರು ನಡೆಸಲು ಬಾರದವನಿಗೆ ಬಾಗಿಲು ತೆರೆದಿದ್ದರೂ ಹಾಕಿದಂತೆಯೇ. ಆ ದೇಶ ವೃದ್ಧರಿಗೆ ಕೊಡುವ ಸರಕಾರಿ ವೈದ್ಯವಿಮೆ ಆರು ತಿಂಗಳಿಗೆಂದು ಬಂದ ನೆಂಟರಿಗೆ ಸಲ್ಲುವುದಿಲ್ಲ. ಬೇರೆ ವಿಮೆ ಕೊಳ್ಳಬೇಕು, ಹಲ್ಲುನೋವು ಬಾರದಿರಲೆಂದು ದೇವರನ್ನು ಬೇಡಬೇಕು. ಪುಸ್ತಕಗಳಲ್ಲಿ ಇದಕ್ಕೆ ಸಿಕ್ಕುವ ಜಾಗ ಒಂದು ನಗೆಚಾಟಿಕೆಯಷ್ಟು ಮಾತ್ರ.

ಇತ್ತ ನಮ್ಮ ತಟ್ಟೆಯಲ್ಲಿ ಏನನ್ನಿಡೋಣ? ಗೊರೂರರ ದಾರಿಯಲ್ಲೇ ಒಂದು ಊರನ್ನಿಟ್ಟರಾಯಿತು. ಹಾಸನದ ಬಸ್ಸು ಬೆಂಗಳೂರನ್ನು ದಾಟುವಾಗ ಸಿಕ್ಕುವ ಗೊರಗುಂಟೆಪಾಳ್ಯವೇ ಇರಲಿ. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಕೂಡುವ ಸ್ಥಳ. 2014ರ ಮಾರ್ಚಿನಿಂದ ಮೆಟ್ರೋ ಇದೆ. ಪೀಣ್ಯದತ್ತ ಹೋಗುವ ಮೇಲುಸೇತುವೆ ಇದೆ. ವಾಹನವಿಲ್ಲದ ಮುದುಕರೊಬ್ಬರಿಗೆ ಇಲ್ಲಿ ಔಷಧಿ, ತರಕಾರಿ, ಕಾಫಿ, ಮಾತಿಗೊಬ್ಬ ಮನುಷ್ಯ ಎಲ್ಲವೂ ಕೂಗಳತೆಯಲ್ಲೇ ಸಿಕ್ಕುತ್ತವೆ. ರಸ್ತೆಯ ಆಚೆ ಬದಿಗೆ ಹೋಗಬೇಕಾದರೆ ಮಾತ್ರ ಲಾರಿಗಳ ನಡುವೆ ಜೀವವನ್ನು ಅಂಗೈಯಲ್ಲಿ ಹಿಡಿದು ನಿಲ್ಲಬೇಕು. 2021ರ ಡಿಸೆಂಬರಿನಲ್ಲಿ ಸೇತುವೆಯ ಕೇಬಲು ಕೆಟ್ಟು ಸಂಚಾರ ನಿಂತಾಗ ವಾಹನಗಳೆಲ್ಲ ಕೆಳಗಿಳಿದುವು. ಭಾರಿ ವಾಹನಗಳು ಮತ್ತೆ ಮೇಲೇರಿದ್ದು 2024ರ ಜುಲೈನಲ್ಲಿ. ಅಷ್ಟು ಕಾಲ ನಡೆದುಹೋಗುವವರ ಪಾಡನ್ನು ಕೇಳಬೇಕೆ?

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯಲ್ಲಿ (2025) 193 ದೇಶಗಳ ಪೈಕಿ ಅಮೆರಿಕಕ್ಕೆ 17ನೆಯ ಸ್ಥಾನ, ಭಾರತಕ್ಕೆ 130ನೆಯದು. ಆಯುಸ್ಸು, ವಿದ್ಯೆ, ವರಮಾನಗಳ ಲೆಕ್ಕ ಅದು, ಅಲ್ಲಗಳೆಯುವಂತಿಲ್ಲ. ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. 2022ರಲ್ಲಿ ವಾಹನಗಳಿಗೆ ಸಿಕ್ಕಿ ಸತ್ತ ಪಾದಚಾರಿಗಳು ನಮ್ಮಲ್ಲಿ 32 ಸಾವಿರಕ್ಕೂ ಹೆಚ್ಚು, ಅಮೆರಿಕದಲ್ಲಿ ಸುಮಾರು ಏಳೂವರೆ ಸಾವಿರ. ನಮ್ಮ ಜನಸಂಖ್ಯೆ ಅವರದರ ನಾಲ್ಕು ಪಟ್ಟಿಗಿಂತ ಹೆಚ್ಚು. ಅಂದಮೇಲೆ ತಲೆಯೆಣಿಕೆಯಲ್ಲಿ ಎರಡೂ ದೇಶಗಳು ಹೆಚ್ಚುಕಡಿಮೆ ಸರಿಸಮ! ನಡೆಯುವವರೇ ವಿರಳವಾದ ಕಡೆ ಇಷ್ಟು ಸಾವು. ನಡೆಯದೆ ವಿಧಿಯಿಲ್ಲದ ಕಡೆಯೂ ಇಷ್ಟೇ. ನೂರಹದಿಮೂರು ಮೆಟ್ಟಿಲುಗಳ ಅಂತರ ನಡೆಯುವವನ ಮಟ್ಟಿಗೆ ಎಲ್ಲಿಗೆ ಹೋಯಿತು? ನಮ್ಮ ಪ್ರವಾಸಿಗರು ಎತ್ತಬೇಕಾಗಿದ್ದ ಪ್ರಶ್ನೆ ಇದು. ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಅದು ಹೊಳೆಯಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತು. ಈ ಪುಸ್ತಕಗಳಲ್ಲಿ ಹೆಚ್ಚಿನವು ತಂದೆಯರವು. ಅದೇ ವಿಮಾನದಲ್ಲಿ ಹೋದ ತಾಯಂದಿರಲ್ಲಿ ಎಷ್ಟೋ ಮಂದಿ ನೆಂಟರಾಗಿ ಹೋದವರಲ್ಲ, ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಹೋದವರು. ಅಂಟಿನುಂಡೆಯ ಡಬ್ಬಿಯೊಂದಿಗೆ ಇಳಿದ ಮಾರನೆಯ ದಿನವೇ ಅವರ ದುಡಿಮೆ ಆರಂಭವಾಗುತ್ತದೆ. ಬಿಸಿನೀರು ಎಷ್ಟು ಅನುಕೂಲವೆಂಬುದು ಅದರಲ್ಲಿ ಕೂಸನ್ನು ಮೀಯಿಸಿದ ಅವರಿಗೆ ಗೊತ್ತು. ಕೂಸು ರಚ್ಚೆ ಹಿಡಿದ ಹೊತ್ತಿನಲ್ಲಿ ಪಕ್ಕದ ಮನೆಯಾಕೆಯನ್ನು ಕೂಗಿ ಕರೆಯಲಾಗದ ಕಷ್ಟವೂ ಗೊತ್ತು. ಎರಡೂ ದೇಶಗಳ ಒಲೆಯ ಮುಂದೆ ನಿಂತು ಬಂದ ಈ ಹೆಂಗಸರಲ್ಲಿ ಲೇಖನಿ ಹಿಡಿದವರು ಕಡಿಮೆ. ಅವರ ಪ್ರವಾಸಕಥನ ಸದ್ಯಕ್ಕೆ ನಮ್ಮ ಮನೆಗಳ ಹಜಾರದಲ್ಲಿ, ಅವರೆಕಾಯಿ ಬಿಡಿಸುತ್ತ, ಅಕ್ಕತಂಗಿಯರ ನಡುವೆ ನಡೆಯುತ್ತಿದೆ.