ಮಿದುಳಿನ ಸಂಶೋಧನೆಯಲ್ಲಿ ನೀತಿಯ ಪಾಲು

ಅಮೆರಿಕದ ‘ಬ್ರೇನ್ ಇನಿಶಿಯೇಟಿವ್’ ಯೋಜನೆಯ ಹಣದಲ್ಲಿ ಒಂದು ಸಣ್ಣ ಭಾಗ 2017ರಿಂದ ನರನೀತಿ ಸಂಶೋಧನೆಗೆ, ಅಂದರೆ ಮಿದುಳಿನ ವಿಜ್ಞಾನ ಹುಟ್ಟುಹಾಕುವ ನೈತಿಕ ಪ್ರಶ್ನೆಗಳ ಅಧ್ಯಯನಕ್ಕೆ ಸಲ್ಲುತ್ತಿದೆ. ಇಡೀ ಯೋಜನೆಯನ್ನು ಅಧ್ಯಕ್ಷ ಬರಾಕ್ ಒಬಾಮ 2013ರ ಏಪ್ರಿಲ್ 2ರಂದು ಘೋಷಿಸಿದರು. ನರಕೋಶಗಳ ಮಾತುಕತೆಯನ್ನು ಆಲಿಸುವ, ಬೇಕೆಂದಾಗ ಅದನ್ನು ತಿದ್ದುವ ಹೊಸ ಸಲಕರಣೆಗಳನ್ನು ರೂಪಿಸುವುದು ಅದರ ಗುರಿ. ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿದರೆ ಮನುಷ್ಯ ಬೇರೆಯವನಾದನೇ ಎಂದು ಯಾರೂ ಕೇಳುವುದಿಲ್ಲ. ಮಿದುಳಿಗೆ ಕೂರಿಸಿದಾಗ ಆ ಪ್ರಶ್ನೆ ತಾನಾಗಿ ಏಳುತ್ತದೆ. ನೀತಿಯ ಅಧ್ಯಯನಕ್ಕೆಂದೇ ಹಣ ತೆಗೆದಿಟ್ಟಿದ್ದರ ಹಿಂದಿನ ಕಾರಣ ಇದು.

ಈ ಪದ್ಧತಿಗೆ ಮಾದರಿ ಮಾನವ ಜೀನೋಮ್ ಯೋಜನೆ. ಅದರ ಮೊದಲ ಮುಖ್ಯಸ್ಥ ಜೇಮ್ಸ್ ವಾಟ್ಸನ್, ಯೋಜನೆಯ ಹಣದಲ್ಲಿ ಒಂದು ಪಾಲನ್ನು ನೈತಿಕ, ಕಾನೂನಾತ್ಮಕ, ಸಾಮಾಜಿಕ ಪರಿಣಾಮಗಳ ಅಧ್ಯಯನಕ್ಕೆ ಮೀಸಲಿಡುವುದಾಗಿ 1988ರಲ್ಲೇ ಹೇಳಿದ್ದರು. ಶೇ 3ರಿಂದ ಆರಂಭವಾದ ಆ ಪಾಲು ಮುಂದೆ ಕಾನೂನಿನ ಬಲ ಪಡೆದು ಶೇ 5ಕ್ಕೇರಿತು. ಬ್ರೇನ್ ಯೋಜನೆ ಹಿಡಿದದ್ದು ಬೇರೆ ದಾರಿ. ಇಲ್ಲಿ ಕಾನೂನು ಗೊತ್ತುಮಾಡಿದ ಪಾಲಿಲ್ಲ. ತಜ್ಞರ ಕಾರ್ಯತಂಡವೊಂದು ಸಲಹೆ ಕೊಡುತ್ತದೆ, ಸಂಶೋಧಕರು ಸ್ಪರ್ಧೆಯಲ್ಲಿ ಅನುದಾನ ಗಳಿಸಿಕೊಳ್ಳುತ್ತಾರೆ. ಈ ತಂಡ 2018ರಲ್ಲಿ ಎಂಟು ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿತು. ಸುರಕ್ಷತೆಗೆ ಮೊದಲ ಸ್ಥಾನ, ಮಿದುಳಿನ ದತ್ತಾಂಶದ ಗೋಪ್ಯತೆ, ದುರ್ಬಳಕೆಯ ಬಗ್ಗೆ ಎಚ್ಚರ, ಪ್ರಯೋಜನದ ನ್ಯಾಯವಾದ ಹಂಚಿಕೆ ಅವುಗಳಲ್ಲಿ ಮುಖ್ಯವಾದವು.

ಈ ಅನುದಾನದ ದೊಡ್ಡ ಗುಣವೆಂದರೆ ಪ್ರಶ್ನೆಗಳನ್ನು ಪುಸ್ತಕದಿಂದಲ್ಲದೆ ಆಸ್ಪತ್ರೆಯಿಂದ ಎತ್ತಿಕೊಂಡದ್ದು. ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನ ಆಳದಲ್ಲಿ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆ ಬಹುಕಾಲದಿಂದ ಇದೆ. ಹೊಸ ಬಗೆಯ ಸಾಧನ ಮಿದುಳಿನ ಸಂಕೇತವನ್ನು ತಾನೇ ಓದಿ, ಪ್ರಚೋದನೆಯನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಇಂಥ ಸಾಧನ ಹೊತ್ತವರು ತಮ್ಮ ಮನಸ್ಥಿತಿಯ ಬದಲಾವಣೆಯನ್ನು ತಮ್ಮದೆಂದು ಭಾವಿಸುತ್ತಾರೆಯೇ, ಆ ಸಂಕೇತಗಳ ದಾಖಲೆಯ ಒಡೆಯರು ಯಾರು ಎಂಬುದನ್ನು ರೋಗಿಗಳನ್ನೂ ವೈದ್ಯರನ್ನೂ ಮಾತನಾಡಿಸಿ ತಿಳಿಯುವ ಕೆಲಸ ಈ ಹಣದಿಂದ ನಡೆದಿದೆ.

ಆದರೆ ಅಧ್ಯಯನಕ್ಕೆ ಸಿಗುವ ಹಣ ಹೊಣೆಗಾರಿಕೆಗೆ ಸಿಗುವುದಿಲ್ಲ. ಬ್ರೇನ್ ಯೋಜನೆಗೂ ಮೊದಲು ಖಾಸಗಿ ಕಂಪನಿಯೊಂದು ಮೆಲ್ಬರ್ನ್‌ನಲ್ಲಿ ನಡೆಸಿದ ಪ್ರಯೋಗ ಈ ವ್ಯತ್ಯಾಸವನ್ನು ತೋರಿಸುತ್ತದೆ. ಔಷಧಿಗೆ ಬಗ್ಗದ ಮೂರ್ಛೆರೋಗವಿದ್ದ 15 ಮಂದಿಯ ಮಿದುಳಿಗೆ ಎಲೆಕ್ಟ್ರೋಡ್‌ಗಳನ್ನು ಅಳವಡಿಸಲಾಗಿತ್ತು. ಅಂಗೈಯಲ್ಲಿ ಹಿಡಿಯುವ ಸಾಧನದಲ್ಲಿ ಕೆಂಪು ದೀಪ ಹೊತ್ತಿದರೆ ಫಿಟ್ಸ್ ಬರುವ ಸಂಭವ ಹೆಚ್ಚು, ನೀಲಿ ಹೊತ್ತಿದರೆ ಕಡಿಮೆ. ದೀಪ ನೋಡಿ ಮಾತ್ರೆ ನುಂಗಿ, ಹೆದರಿಕೆಯಿಲ್ಲದೆ ಮನೆಯಿಂದ ಹೊರಗೆ ಹೋಗುವಂತಾದ ಮಹಿಳೆಯೊಬ್ಬರಿಗೆ ಆ ಸಾಧನ ತಮ್ಮದೇ ಒಂದು ಭಾಗವೆನಿಸಿತ್ತು. ಕಂಪನಿಯ ಹಣ ಮುಗಿದಾಗ ಅದನ್ನು ತೆಗೆಸಿಕೊಳ್ಳಬೇಕೆಂದು ಅವರಿಗೆ ಹೇಳಲಾಯಿತು. ಮನೆ ಅಡವಿಟ್ಟಾದರೂ ಕೊಂಡುಕೊಳ್ಳುತ್ತೇವೆಂದರೂ ಸಾಧನ ಉಳಿಯಲಿಲ್ಲ. ಅವರ ನೋವನ್ನು ನೀತಿಶಾಸ್ತ್ರಜ್ಞರು ಪ್ರಬಂಧಗಳಲ್ಲಿ ಎಚ್ಚರಿಕೆಯಿಂದ ದಾಖಲಿಸಿದ್ದಾರೆ. ಪ್ರಯೋಗ ಮುಗಿದ ಮೇಲೆ ಬ್ಯಾಟರಿ ಬದಲಿಸುವ, ದುರಸ್ತಿ ಮಾಡಿಸುವ ಖರ್ಚು ಯಾರದೆಂಬುದು ಮಾತ್ರ ಇತ್ಯರ್ಥವಾಗದೆ ಉಳಿದಿದೆ.

ಎರಡನೆಯ ಕೊರತೆ ಹಣದ ಮೂಲದ್ದು. ಪ್ರಶ್ನೆ ಕೇಳುವವರಿಗೂ ಪ್ರಶ್ನೆಗೆ ಗುರಿಯಾಗುವವರಿಗೂ ಸಂಬಳ ಬರುವುದು ಒಂದೇ ಗಂಟಿನಿಂದ. ಆ ಗಂಟು ಕರಗಿದರೆ ಮೊದಲು ಕತ್ತರಿ ಬೀಳುವ ಭಯ ಇರುವುದು ಸಣ್ಣ ಪಾಲಿಗೆ. ಬ್ರೇನ್ ಯೋಜನೆಯ ವಾರ್ಷಿಕ ಮೊತ್ತ 2023ರಲ್ಲಿ 68 ಕೋಟಿ ಡಾಲರ್ ಇದ್ದದ್ದು 2024ರಲ್ಲಿ ಸುಮಾರು 40 ಕೋಟಿಗೆ, 2025ರಲ್ಲಿ 32 ಕೋಟಿಗೆ ಇಳಿಯಿತು. ಜೀನೋಮ್ ಸಂಶೋಧನೆಯ ನೈತಿಕ ಅಧ್ಯಯನಕ್ಕಿರುವ ಶೇ 5ರ ರಕ್ಷಣೆ ನರನೀತಿಗೆ ಇಲ್ಲ.

ಮೂರನೆಯದು ವ್ಯಾಪ್ತಿಯ ಮಿತಿ. ಅನುದಾನದ ಷರತ್ತು ಅನುದಾನ ಪಡೆದವರನ್ನಷ್ಟೇ ಕಟ್ಟಿಹಾಕುತ್ತದೆ. ಖಾಸಗಿ ಬಂಡವಾಳದ ಕಂಪನಿಗಳೂ ಪೊಲೀಸರೂ ಅದರ ಆಚೆಗಿದ್ದಾರೆ. ಭಾರತದ ಅನುಭವ ಇದನ್ನೇ ಹೇಳುತ್ತದೆ. ಆರೋಪಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು ಅಪರಾಧದ ನೆನಪನ್ನು ಪತ್ತೆಹಚ್ಚುತ್ತೇವೆಂಬ ಪರೀಕ್ಷೆ ಇಲ್ಲಿ ತನಿಖೆಯಲ್ಲಿ ಬಳಕೆಯಾಯಿತು. ಪುಣೆಯ ಕೊಲೆ ಪ್ರಕರಣವೊಂದರ 2008ರ ತೀರ್ಪಿನಲ್ಲಿ ಅದು ಸಾಕ್ಷ್ಯವಾಗಿಯೂ ನಿಂತಿತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನದ 20(3)ನೇ ವಿಧಿಗೆ ವಿರುದ್ಧವೆಂದು ಸಾರಿತು. ತೀರ್ಪು ಸರಿಯಾದದ್ದೇ, ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಪ್ರಶ್ನೆ ಎದ್ದದ್ದು ಸಲಕರಣೆ ಬಳಕೆಗೆ ಬಂದ ಮೇಲೆ.

ಸಲಕರಣೆ ಪ್ರಯೋಗಾಲಯದಲ್ಲಿರುವಾಗಲೇ ಪ್ರಶ್ನೆ ಕೇಳಲು ಹಣ ಕೊಡುವ ಪದ್ಧತಿಯ ಬೆಲೆ ಇಂಥ ಕಡೆ ತಿಳಿಯುತ್ತದೆ. ಆ ದೃಷ್ಟಿಯಿಂದ ಬ್ರೇನ್ ಯೋಜನೆಯ ನರನೀತಿ ಅನುದಾನ ಒಳ್ಳೆಯ ಆರಂಭ, ಆದರೆ ಅರ್ಧ ಕೆಲಸ. ನೀತಿಯ ಪಾಲನ್ನು ಕಾನೂನಿನಿಂದ ಗೊತ್ತುಮಾಡಬೇಕು. ಮಿದುಳಿಗೆ ಸಾಧನ ಕೂರಿಸುವ ಪ್ರತಿ ಪ್ರಯೋಗದ ಬಜೆಟ್ಟಿನಲ್ಲೂ ಪ್ರಯೋಗಾನಂತರದ ಆರೈಕೆಯ ಖರ್ಚನ್ನು ಮೊದಲೇ ತೆಗೆದಿಡಬೇಕು. ಇವೆರಡೂ ಆಗುವವರೆಗೆ ಸೂತ್ರಗಳು ಎಂಟಿದ್ದರೂ ರೋಗಿಯ ಕೈಗೆ ಸಿಗುವುದು ಒಪ್ಪಿಗೆ ಪತ್ರ ಮಾತ್ರ.