ಮಿಷಿನ್ ಮುಂದ ಹೋಗಂಗಿಲ್ರಿ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ನಡುವಿನ ಎರಡು ವರ್ಷ ಈ ಕಾಯ್ದೆಗೆ ಸಿಕ್ಕ ಹೊಗಳಿಕೆ ಅಷ್ಟಿಷ್ಟಲ್ಲ. 250 ಕೋಟಿ ರೂಪಾಯಿವರೆಗಿನ ದಂಡದ ಮಾತು ಎಲ್ಲರ ಬಾಯಲ್ಲೂ ಬಂತು. ಕನ್ನಡವೂ ಸೇರಿ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ, ಮಾಹಿತಿಯನ್ನು ಯಾತಕ್ಕೆ ಪಡೆಯುತ್ತಾರೆಂಬ ಸೂಚನೆ ಕೇಳಿ ಪಡೆಯಬಹುದೆಂಬ ಅಂಶವನ್ನಂತೂ ನಮ್ಮ ಕನ್ನಡಾಭಿಮಾನಿಗಳು ಹಬ್ಬದಂತೆ ಸ್ವೀಕರಿಸಿದರು. ಖಾಸಗಿತನ ಮೂಲಭೂತ ಹಕ್ಕೆಂದ ಪುಟ್ಟಸ್ವಾಮಿ ತೀರ್ಪಿನಿಂದ ಇಲ್ಲಿಯವರೆಗಿನ ಕಥೆ ಓದುಗರಿಗೆ ಗೊತ್ತಿರುವುದೇ, ಅದನ್ನು ಮತ್ತೆ ಹೇಳುವುದಿಲ್ಲ. ಈ ಕಾಯ್ದೆಯನ್ನು ಒಂದು ತಾಲೂಕು ಬಸ್ ಸ್ಟ್ಯಾಂಡಿನ ಬೈಕ್ ಸ್ಟ್ಯಾಂಡಿಗೆ ಕರೆದೊಯ್ದು ನಿಲ್ಲಿಸಿದರೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಕಾಯ್ದೆ ಸೋಲುತ್ತದೆ, ಎಲ್ಲರೂ ಹಳೇ ಕಾಲದ್ದೆಂದು ಮೂಗು ಮುರಿಯುವ ಅರ್ಧ ಹರಿದ ಚೀಟಿ ಗೆಲ್ಲುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆ ಪಾರ್ಕಿಂಗ್ ಕಂಪನಿ ಎಂದರೆ ಗಾಜಿನ ಕಟ್ಟಡ, ಸಮವಸ್ತ್ರದ ಕಾವಲುಗಾರ ಅಲ್ಲ. ಸಾರಿಗೆ ನಿಗಮದ ಟೆಂಡರ್ ಹಿಡಿದ ಒಬ್ಬ ಗುತ್ತೇದಾರ, ಒಂದು ತಗಡಿನ ನೆರಳು, ಪಾಳಿಯ ಮೇಲೆ ಕೂರುವ ಇಬ್ಬರು ಹುಡುಗರು, ಇಷ್ಟೇ. ಹಳ್ಳಿಯಿಂದ ಬೈಕಿನಲ್ಲಿ ಬಂದವರು ಗಾಡಿ ಹಚ್ಚಿ ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ ಹಿಡಿಯುತ್ತಾರೆ. ಮಾಸ್ತರರು, ದವಾಖಾನೆ ನರ್ಸುಗಳು, ಕಾಲೇಜು ಹುಡುಗರು, ಕೋರ್ಟಿನ ತಾರೀಖಿಗೆ ಹೊರಟ ರೈತರು. ಹುಣ್ಣಿಮೆ ಬಂತೆಂದರೆ ಭೀಮಾ-ಅಮರಜಾ ಸಂಗಮದ ಗಾಣಗಾಪುರಕ್ಕೆ ಮಹಾರಾಷ್ಟ್ರದ ಗಾಡಿಗಳು ಸಾಲುಗಟ್ಟುತ್ತವೆ. ಗಾಡಿ ನಿಲ್ಲುವ ಕಡೆಯೆಲ್ಲ ಯಾರೋ ಒಬ್ಬರು ಚೀಟಿ ಹಿಡಿದು ನಿಂತಿರುತ್ತಾರೆ. ಇವರ ಬಳಿ ಖಾಸಗಿತನದ ನೀತಿ ಎಂಬ ಹಾಳೆ ಇಲ್ಲ. ಇಲ್ಲವೆಂದೇ ಇವರನ್ನು ಯಾರೂ ವಿಮರ್ಶೆಗೆ ಯೋಗ್ಯರೆಂದು ಬಗೆದಿಲ್ಲ.

ಚೀಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಲಾಬಿ ಬಣ್ಣದ ತೆಳು ಹಾಳೆ, ಮಸುಕಾದ ಅಚ್ಚು, ತಾರೀಖಿನ ಠಸೆ. ಹುಡುಗ ಬಾಲ್‌ಪೆನ್ನಿನಿಂದ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಗೀಚುತ್ತಾನೆ. ಕೆಎ-32 ಎಂದು ಬರೆಯುವುದಿಲ್ಲ, ಯಾಕೆಂದರೆ ಸುತ್ತಲಿನ ಗಾಡಿಗಳೆಲ್ಲ ಕೆಎ-32. ಸೊಲ್ಲಾಪುರದ ಎಂಎಚ್-13 ಬಂದರೆ ಮಾತ್ರ ಪಕ್ಕದಲ್ಲಿ ಎಂಎಚ್ ಎಂದು ಸೇರಿಸುತ್ತಾನೆ. ಅರ್ಧ ಹರಿದು ಕೈಗೆ ಕೊಟ್ಟು, ಉಳಿದರ್ಧವನ್ನು ಹ್ಯಾಂಡಲಿನ ವೈರಿಗೆ ಸಿಕ್ಕಿಸುತ್ತಾನೆ. ಸಂಜೆ ಎರಡು ತುಂಡೂ ಕೂಡಿದರೆ ಗಾಡಿ ಹೊರಗೆ, ತುಂಡುಗಳು ಕಾಲಕೆಳಗೆ.

ಈ ವ್ಯವಸ್ಥೆಗೆ ನಿಮ್ಮ ಬಗ್ಗೆ ಏನು ಗೊತ್ತು? ಒಂದು ದಿನ, ನಾಲ್ಕು ಅಂಕಿ. ಹೆಸರಿಲ್ಲ, ಫೋನಿಲ್ಲ, ಎಲ್ಲಿಗೆ ಹೋದಿರೆಂಬುದಿಲ್ಲ. ಗಾಡಿ ನಿಮ್ಮದೆಂಬ ಸಂಬಂಧ ದಾಖಲಾಗಿರುವುದು ಒಂದೇ ಕಡೆ, ನಿಮ್ಮ ಅಂಗಿಯ ಜೇಬಿನಲ್ಲಿ. ಕೆಲಸ ಮುಗಿದ ಕ್ಷಣ ದಾಖಲೆಯೂ ಮುಗಿಯಿತು. ಬೇಕಾದಷ್ಟೇ ಕೇಳು, ಕೇಳಿದ್ದಕ್ಕೇ ಬಳಸು, ಮುಗಿದ ಮೇಲೆ ಅಳಿಸು ಎಂದು ಜಗತ್ತಿನ ದತ್ತಾಂಶ ಕಾನೂನುಗಳೆಲ್ಲ ಬೋಧಿಸುತ್ತವೆ. ಆ ಮೂರನ್ನೂ ಯಾರ ಬೋಧನೆಯೂ ಇಲ್ಲದೆ ಪಾಲಿಸಿದ ಕಾಗದ ಇದು. ತಮಾಷೆಯೆಂದರೆ ಕಾಯ್ದೆಯ 3ನೇ ಕಲಂ ಪ್ರಕಾರ ಡಿಜಿಟಲ್ ರೂಪದಲ್ಲಿ ಪಡೆದ ಅಥವಾ ಆಮೇಲೆ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಗಷ್ಟೇ ಕಾನೂನು ಅನ್ವಯ. ಕಾಯ್ದೆಯ ಆಶಯವನ್ನು ಚೆನ್ನಾಗಿ ಪಾಲಿಸುವ ಚೀಟಿ ಕಾಯ್ದೆಯ ಹೊರಗಿದೆ.

ಈಗ ಬಂದಿದೆ ಮಿಷಿನ್. ಅಂಗೈಗಿಂತ ಸ್ವಲ್ಪ ದೊಡ್ಡದು, ಬಾಯಿಂದ ಬಿಲ್ಲು ಉಗುಳುವಂಥದ್ದು. ಅದರ ಮುಂದೆ ನಡೆಯುವ ಮಾತುಕತೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

"ಕಾಕಾ, ಮೊಬೈಲ್ ನಂಬರ ಹೇಳ್ರಿ."

"ಯಾಕ ಬೇಕೋ ತಮ್ಮಾ?"

"ಹಾಕ್ಲಿಲ್ಲಂದ್ರ ಮಿಷಿನ್ ಮುಂದ ಹೋಗಂಗಿಲ್ರಿ."

ಹಿಂದೆ ನಾಲ್ಕು ಗಾಡಿ ನಿಂತು ಹಾರ್ನ್ ಹೊಡೆಯುತ್ತಿರುತ್ತವೆ, ಕಲಬುರಗಿ ಬಸ್ಸಿನ ಕಂಡಕ್ಟರ್ ಸೀಟಿ ಊದಿರುತ್ತಾನೆ. ಕಾಕಾ ನಂಬರ್ ಹೇಳುತ್ತಾರೆ. ಹುಡುಗ ಹುಷಾರಿದ್ದರೆ, ಗದ್ದಲ ಹೆಚ್ಚಿದ್ದರೆ, ಕೇಳುವ ಗೊಡವೆಗೇ ಹೋಗದೆ ಹತ್ತು ಸಲ ಒಂಬತ್ತು ಒತ್ತಿ ಬಿಲ್ಲು ಹರಿದು ಕೊಡುತ್ತಾನೆ. ಈ ಹತ್ತು ಒಂಬತ್ತುಗಳನ್ನು ನಾನು ಬಹಳ ಮೆಚ್ಚುತ್ತೇನೆ. ಗಾಡಿ ಕಾಯಲು ಫೋನ್ ನಂಬರ್ ಬೇಕಿಲ್ಲ ಎಂಬ ಸತ್ಯ ಮಿಷಿನ್ ಮಾಡಿದವನಿಗೆ ಹೊಳೆಯಲಿಲ್ಲ, ಅಥವಾ ಹೊಳೆದೂ ಅವನು ಸುಮ್ಮನಿದ್ದ. ದಿನಗೂಲಿ ಹುಡುಗನಿಗೆ ಅದು ಮೊದಲ ದಿನವೇ ಗೊತ್ತಾಯಿತು.

ಕಾಕಾ ನಂಬರ್ ಹೇಳಿದರಲ್ಲ, ಅದನ್ನು ಕಾಯ್ದೆ ಏನೆಂದು ಕರೆಯುತ್ತದೆ? ನನ್ನ ಇಡೀ ತಕರಾರು ನಿಂತಿರುವುದು ಇಲ್ಲಿ. ಮಾಹಿತಿ ಪಡೆಯಲು ಕಾಯ್ದೆ ಎರಡು ದಾರಿ ಇಟ್ಟಿದೆ. ಒಂದು, 6ನೇ ಕಲಮಿನ ಸಮ್ಮತಿ. ಅದು ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಉದ್ದೇಶಕ್ಕೆ ಅಗತ್ಯವಿದ್ದಷ್ಟು ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು. ಫೋನಿನ ಮೂಲಕ ವೈದ್ಯಕೀಯ ಸಲಹೆ ನೀಡುವ ಆಪ್ ನಿಮ್ಮ ಫೋನಿನಲ್ಲಿರುವವರ ನಂಬರ್ ಪಟ್ಟಿ ಕೇಳಿದರೆ, ನೀವು ಒಪ್ಪಿದರೂ ಆ ಒಪ್ಪಿಗೆ ಪಟ್ಟಿಗೆ ತಾಗುವುದಿಲ್ಲ ಎಂದು ಉದಾಹರಣೆಯನ್ನೂ ಕೊಟ್ಟಿದೆ. ಒಳ್ಳೆಯ ಉದಾಹರಣೆ. ಇದನ್ನಷ್ಟೇ ಓದಿದವರು ಮಿಷಿನ್ ಕಥೆ ಮುಗಿಯಿತೆಂದು ಚಪ್ಪಾಳೆ ತಟ್ಟಿದ್ದಾರೆ.

ಎರಡನೇ ದಾರಿ 7ನೇ ಕಲಂ. ಅದರ ಮೊದಲ ಉಪಕಲಂ ಪ್ರಕಾರ ವ್ಯಕ್ತಿ ತಾನಾಗಿಯೇ ಮಾಹಿತಿ ಕೊಟ್ಟಿದ್ದರೆ, ಬಳಕೆಗೆ ಒಪ್ಪುವುದಿಲ್ಲವೆಂದು ಸೂಚಿಸದೇ ಇದ್ದರೆ, ಕೊಟ್ಟ ಉದ್ದೇಶಕ್ಕೆ ಬಳಸಬಹುದು. ಇಲ್ಲಿಯೂ ಉದಾಹರಣೆ ಇದೆ. ಒಬ್ಬಾಕೆ ಔಷಧಿ ಅಂಗಡಿಯಲ್ಲಿ ಸಾಮಾನು ಕೊಂಡು, ಹಣ ಮುಟ್ಟಿದ್ದಕ್ಕೆ ರಶೀದಿಯನ್ನು ತನ್ನ ಫೋನಿಗೆ ಕಳಿಸಿರೆಂದು ತಾನೇ ಕೇಳುತ್ತಾಳೆ, ಅಂಗಡಿಯವನು ಅಷ್ಟಕ್ಕೇ ಆ ನಂಬರ್ ಬಳಸಬಹುದು. ಎಂಥ ಸೊಗಸಾದ ಅಂಗಡಿ! ಹಿಂದೆ ಸಾಲಿಲ್ಲ, ಬಸ್ಸು ಹೊರಟಿಲ್ಲ. ಗಿರಾಕಿ ಮೊದಲು ಕೇಳುತ್ತಾಳೆ, ಅಂಗಡಿಯವನು ಆಮೇಲೆ ಮಾಡುತ್ತಾನೆ. ನಮ್ಮ ಸ್ಟ್ಯಾಂಡಿನಲ್ಲಿ ಇದು ತಲೆಕೆಳಗು. ರಶೀದಿಯನ್ನು ಫೋನಿಗೆ ಕಳಿಸಿರೆಂದು ಯಾರೂ ಬೇಡಿಲ್ಲ, ರಶೀದಿ ಹೇಗೂ ಕಾಗದದಲ್ಲಿ ಕೈಗೆ ಬಂದಿದೆ. ನಂಬರ್ ಕೇಳಿದ್ದು ಮಿಷಿನ್. ಕಾಕಾ ಹೇಳಿದ್ದು ಬಸ್ ತಪ್ಪಬಾರದೆಂದು. ಆದರೂ ನಾಳೆ ಗುತ್ತೇದಾರನ ವಕೀಲರು ಎದ್ದು ನಿಂತು, ಯಾರೂ ಬಲವಂತ ಮಾಡಲಿಲ್ಲ, ಬಾಯಿಬಿಟ್ಟು ತಾವೇ ಹೇಳಿದರು, ಬೇಡವೆಂದು ಸೂಚಿಸಲೂ ಇಲ್ಲ ಎಂದರೆ 7ನೇ ಕಲಂ ಅವರ ಕೈಹಿಡಿಯಲು ತಯಾರಾಗಿ ನಿಂತಿದೆ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಅಗತ್ಯವಿದ್ದಷ್ಟೇ ಎಂಬ ಕಟ್ಟು 6ನೇ ಕಲಮಿನಲ್ಲಿ ಕಣ್ಣಿಗೆ ಹೊಡೆಯುವಂತಿದೆ, 7ರ ಈ ಭಾಗದಲ್ಲಿ ಹಾಗೆ ಇಲ್ಲ. ಇನ್ನು ನಾವು ಸಂಭ್ರಮಿಸಿದ ಕನ್ನಡದ ಸೂಚನೆ. 5ನೇ ಕಲಂ ಆ ಸೂಚನೆಯನ್ನು ಕಟ್ಟಿಹಾಕಿರುವುದು ಸಮ್ಮತಿಯ ಕೋರಿಕೆಗೆ. ಸಮ್ಮತಿಯೇ ಬೇಡವಾದ 7ರ ದಾರಿಯಲ್ಲಿ ಸೂಚನೆ ಕೊಡುವ ಹೊಣೆ ಹುಟ್ಟುವುದೇ ಇಲ್ಲ. 22 ಭಾಷೆಗಳ ಹಕ್ಕು ಬೆಂಗಳೂರಿನ ಆಪ್ ಬಳಸುವವನಿಗೆ ಸಿಗಬಹುದು. ಕನ್ನಡ ಬಿಟ್ಟು ಬೇರೆ ಓದಲು ಬಾರದ ಜೇವರ್ಗಿಯ ಕಾಕಾ ಬಾಯಿಮಾತಲ್ಲಿ ನಂಬರ್ ಹೇಳಿದ ತಪ್ಪಿಗೆ ಅವರ ಕೈಗೆ ಸಿಗದೆ ಹೋಗಬಹುದು. ಹಕ್ಕು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಂದಲೇ ತಪ್ಪಿಸಿಕೊಳ್ಳುವ ಹಾಗೆ ಕರಡು ಬರೆದವರ ಕೈಚಳಕವನ್ನು ನಮ್ಮ ಪತ್ರಿಕೆಗಳು ಗಮನಿಸಲಿಲ್ಲ.

ಅಳಿಸುವ ಮಾತಿಗೆ ಬಂದರೆ ಇನ್ನೂ ವಿಚಿತ್ರ. 2025ರ ನಿಯಮಗಳು ಮಾಹಿತಿಯನ್ನೂ ಅದರ ಬಳಕೆಯ ದಾಖಲೆಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆನ್ನುತ್ತವೆ. ಸರ್ಕಾರ ಕೇಳಿದಾಗ ಕೊಡಲು ಬೇಕಲ್ಲ! ಆ ನಿಯಮ ಜಾರಿಗೆ ಬಂದ ಮೇಲೆ ಸಂಜೆಗೆ ಸಾಯುತ್ತಿದ್ದ ಚೀಟಿಯ ಜಾಗದಲ್ಲಿ ಒಂದು ವರ್ಷ ಬಾಳುವ ದಾಖಲೆ. (ಸುಳ್ಳು ಹೆಸರಿನಲ್ಲಿ ಮತ್ತೊಬ್ಬರಂತೆ ನಟಿಸಬಾರದೆಂದು ನಾಗರಿಕರಿಗೂ ಕಾಯ್ದೆ ಕರ್ತವ್ಯ ವಿಧಿಸಿದೆ, ತಪ್ಪಿದರೆ 10,000 ರೂಪಾಯಿವರೆಗೆ ದಂಡ. ಹತ್ತು ಒಂಬತ್ತು ಎಂಬ ಮನುಷ್ಯ ಯಾರೂ ಇಲ್ಲದ್ದರಿಂದ ನಮ್ಮ ಹುಡುಗ ಬಚಾವ್ ಎಂದುಕೊಂಡಿದ್ದೇನೆ.)

ಒಂದು ಫೋನ್ ನಂಬರಿಗೆ ಇಷ್ಟೇಕೆ ರಂಪ ಎನ್ನುವವರಿಗೆ ಉತ್ತರ ಅವರ ವಾಟ್ಸಾಪಿನಲ್ಲೇ ಇದ್ದೀತು. ಆರ್‌ಟಿಒ ಚಲನ್ ಎಂಬ ಹೆಸರಿನ ಎಪಿಕೆ ಫೈಲು ಬರುತ್ತದೆ, ಒತ್ತಿದವರ ಬ್ಯಾಂಕ್ ಖಾತೆ ಬರಿದಾಗುತ್ತದೆ. ಆ ಸಂದೇಶದಲ್ಲಿ ನಿಮ್ಮದೇ ಗಾಡಿಯ ನಂಬರ್ ಇದ್ದರೆ ನಂಬದಿರುವವರು ಯಾರು? ಗಾಡಿ ನಂಬರ್ ರಸ್ತೆಯ ಮೇಲೆ ಎಲ್ಲರಿಗೂ ಕಾಣುವಂಥದ್ದು, ಅದರಿಂದ ಅಪಾಯವಿಲ್ಲ. ಫೋನ್ ನಂಬರ್ ನೂರು ಜನರ ಬಳಿ ಇರುತ್ತದೆ, ಅದೂ ದೊಡ್ಡ ಮಾತಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ, ಬೆಳಗ್ಗೆ ಬಂದ ಸಂಜೆ ಹೋದ ಸಮಯದೊಂದಿಗೆ ಕೂಡಿಸಿದ ಪಟ್ಟಿಗೆ ಬೆಲೆ ಬರುತ್ತದೆ. ಮಿಷಿನ್ ತಯಾರಿಸುತ್ತಿರುವುದು ಅದೇ ಪಟ್ಟಿಯನ್ನು. ಗುತ್ತಿಗೆ ಮುಗಿದ ದಿನ ಆ ಪಟ್ಟಿ ಯಾರದು? ಗುತ್ತೇದಾರನದೋ, ಮಿಷಿನ್ ಕಂಪನಿಯದೋ, ಜಾಗ ಕೊಟ್ಟ ನಿಗಮದ್ದೋ?

ಸರ್ಕಾರವೇ ಮೇಲ್ಪಂಕ್ತಿ ಹಾಕಿಕೊಟ್ಟ ವ್ಯಾಪಾರವಿದು. ವಾಹನ ನೋಂದಣಿ, ಚಾಲನಾ ಪರವಾನಗಿಗಳ ವಾಹನ್ ಮತ್ತು ಸಾರಥಿ ದತ್ತಾಂಶವನ್ನು 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ತೆರೆದಿಟ್ಟು 65 ಕೋಟಿ ರೂಪಾಯಿ ಗಳಿಸಿದ್ದಾಗಿ ಕೇಂದ್ರ ಸಾರಿಗೆ ಸಚಿವರು 2019ರ ಜುಲೈನಲ್ಲಿ ಸಂಸತ್ತಿಗೆ ಹೇಳಿದ್ದರು. ಸಗಟು ಮಾರಾಟದ ಆ ನೀತಿ 2020ರಲ್ಲಿ ರದ್ದಾಯಿತು. ಬ್ರಿಟನ್ನಿನಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿಗಳು ವಾಹನ ನೋಂದಣಿ ಇಲಾಖೆಯಿಂದ ಮಾಲೀಕರ ವಿಳಾಸವನ್ನು ತಲಾ ಎರಡೂವರೆ ಪೌಂಡಿಗೆ ಪಡೆಯುತ್ತವೆ, ವರ್ಷಕ್ಕೆ ಒಂದು ಕೋಟಿಗೂ ಮೇಲೆ. ಅಲ್ಲಿ ಕನಿಷ್ಠ ಯಾರು, ಎಷ್ಟಕ್ಕೆ ಕೊಂಡರೆಂಬ ಲೆಕ್ಕ ಉಳಿಯುತ್ತದೆ. ನಮ್ಮಲ್ಲಿ ಕೊಳ್ಳುವ ಕಷ್ಟವೂ ಇಲ್ಲ, ಕಾಕಾ ಬಾಯಿಂದಲೇ ಪುಕ್ಕಟೆ ಸಿಗುತ್ತದೆ.

ಇಲ್ಲಿ ವಿಮರ್ಶಕ ಮಿತ್ರರೊಡನೆ ಜಗಳ ತೆಗೆಯದೆ ಮುಂದೆ ಹೋಗಲಾರೆ. ಕಾಯ್ದೆಯ ಟೀಕಾಕಾರರಲ್ಲಿ ಎರಡು ಪಂಗಡ. ಮೊದಲನೆಯವರು ರಾಜಧಾನಿಯವರು. ಇವರ ಕೋಪವೆಲ್ಲ 17ನೇ ಕಲಂ ಸರ್ಕಾರಕ್ಕೆ ಕೊಟ್ಟ ವಿನಾಯಿತಿಯ ಮೇಲೆ, ಮತ್ತೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ತಿದ್ದಿದ 44(3)ರ ಮೇಲೆ. ಕೋಪ ನ್ಯಾಯವಾದದ್ದೇ. ಆದರೆ ಇವರು ಕಂಪನಿಗಳನ್ನು ಅಳೆಯುವುದು ಜಾಲತಾಣದಲ್ಲಿ ಖಾಸಗಿತನದ ನೀತಿ ಹಾಕಿದ್ದಾರೋ ಇಲ್ಲವೋ ಎಂಬ ಒಂದೇ ಮಾಪಕದಿಂದ. ಹಾಕಿದವರು ಪಾಸು. ನೀತಿಯೇ ಇಲ್ಲದ ಚೀಟಿ ಇವರ ಪಟ್ಟಿಯಲ್ಲಿ ಸೊನ್ನೆ, ಹದಿನಾಲ್ಕು ಪುಟದ ಇಂಗ್ಲಿಷ್ ನೀತಿ ಇಟ್ಟುಕೊಂಡು ಹತ್ತು ಬಗೆಯ ಮಾಹಿತಿ ಎಳೆಯುವ ಆಪ್ ಮುಂದಿನ ಸಾಲಿನಲ್ಲಿ. 44(3) ಬೈಕ್ ಸ್ಟ್ಯಾಂಡಿನವರೆಗೂ ಬರುತ್ತದೆಂಬುದನ್ನೂ ಇವರು ಕಂಡಿಲ್ಲ. ಸ್ಟ್ಯಾಂಡಿನ ಟೆಂಡರ್ ಯಾರಿಗಾಯಿತು, ಯಾವ ಕರಾರಿನ ಮೇಲಾಯಿತು ಎಂದು ತಿಳಿಯಲು ನಮಗಿರುವುದು ಮಾಹಿತಿ ಹಕ್ಕಿನ ಅರ್ಜಿಯೊಂದೇ. ವೈಯಕ್ತಿಕ ಮಾಹಿತಿ ಎಂದು ಷರಾ ಬರೆದು ಅದನ್ನು ತಿರಸ್ಕರಿಸುವುದು 2025ರ ನವೆಂಬರ್‌ನಿಂದ ಸುಲಭವಾಗಿದೆ. ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಉಳಿದಿದೆಯಲ್ಲ ಎಂದು ಸರ್ಕಾರ ಹೇಳುತ್ತದೆ. ಉಳಿದಿದೆ ನಿಜ, ಅದನ್ನು ತೂಗುವವನು ಅದೇ ಅಧಿಕಾರಿ. ಕಾಕಾನ ನಂಬರ್ ಬಯಲಿಗೆ ಬಿದ್ದಿರಲಿ, ಗುತ್ತೇದಾರನ ಕರಾರು ಮಾತ್ರ ಗುಟ್ಟು!

ಎರಡನೇ ಪಂಗಡದವರು ನಮ್ಮ ಕಡೆಯವರೇ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಎಲ್ಲಿಯ ಖಾಸಗಿತನ ಎಂದು ನಗುತ್ತಾರೆ. ಇವರಿಗೆ ಆಳಂದವನ್ನೇ ನೆನಪಿಸಬೇಕು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದ ಮತದಾರರ ಹೆಸರು ತೆಗೆಸಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯಿದ್ದವು 24, ಉಳಿದ 5,994 ಸರಿಯಿರಲಿಲ್ಲ. ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ತಪ್ಪು ಯಾರದೆಂಬ ರಾಜಕೀಯ ಇಲ್ಲಿ ಬೇಡ. ಪಕ್ಕದ ಮನೆಯವನಿಗೆ ನಿಮ್ಮ ವಿಷಯ ಗೊತ್ತಿರುವುದು ಒಂದು, ಎಲ್ಲೋ ಕೂತವನು ನಿಮ್ಮ ಹೆಸರು ಬಳಸಿ ಅರ್ಜಿ ಹಾಕುವುದು ಇನ್ನೊಂದು. ಊರೊಳಗಿನ ಸಲುಗೆಯನ್ನು ತೋರಿಸಿ ಎರಡನೆಯದನ್ನು ಒಪ್ಪಿಸುವುದು ಕುತರ್ಕ.

ಚೀಟಿಗೂ ಕೊರತೆ ಇದೆ, ಹೇಳದಿದ್ದರೆ ಪಕ್ಷಪಾತವಾದೀತು. ಗಾಡಿ ಕಳುವಾದರೆ ಚೀಟಿ ಹಿಡಿದು ಹೋದವನಿಗೆ ತೋರಿಸುವುದು ಅದರ ಕೆಳಗಿನ ಸಾಲನ್ನು: ವಾಹನದ ಜವಾಬ್ದಾರಿ ಮಾಲೀಕರದ್ದು. ಇದರ ಮೇಲೆ ಸುಪ್ರೀಂ ಕೋರ್ಟ್ 2019ರ ನವೆಂಬರ್ 14ರಂದು ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ, ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಸಿಬ್ಬಂದಿಯ ವಶಕ್ಕೆ ಗಾಡಿ ಒಪ್ಪಿಸಿದ ಮೇಲೆ ತನ್ನ ನಿರ್ಲಕ್ಷ್ಯದ ಹೊಣೆಯನ್ನು ಹೋಟೆಲ್ ಇಂಥ ಒಂದು ಅಚ್ಚಿನ ಸಾಲಿನಿಂದ ಕಳಚಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಆ ಹೋಟೆಲಿನಿಂದ ಕಾರು ಕಳುವಾದದ್ದು 1998ರಲ್ಲಿ ಎಂಬುದು ಬೇರೆ ಮಾತು. ಕೀಲಿಕೈ ಕೊಡದೆ ಗಾಡಿ ಹಚ್ಚಿ ಹೋಗುವ ನಮ್ಮ ಸ್ಟ್ಯಾಂಡಿಗೆ ಆ ತೀರ್ಪು ನೇರವಾಗಿ ಕೂರುವುದೂ ಕಷ್ಟ. ಆದರೆ ಗಮನಿಸಿ, ಮಿಷಿನ್ ಬಿಲ್ಲಿನ ಕೆಳಗೂ ಅದೇ ಸಾಲಿದೆ. ಗಾಡಿಯ ಹೊಣೆ ಮೊದಲಿನಂತೆ ನಿಮ್ಮದೇ, ಮೇಲೊಂದು ಫೋನ್ ನಂಬರ್ ಹೋಯಿತು.

ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ನಿಯಮ ಹೊರಟ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಅದಕ್ಕೆ ಕಾಯುವ ಅಗತ್ಯ ನಿಗಮಕ್ಕಿಲ್ಲ, ಜಾಗ ಅದರದ್ದು, ಟೆಂಡರ್ ಅದರದ್ದು. ಮೊಬೈಲ್ ನಂಬರಿನ ಖಾನೆ ಖಾಲಿ ಬಿಟ್ಟರೂ ಬಿಲ್ಲು ಬರುವಂಥ ಮಿಷಿನ್ನನ್ನೇ ಬಳಸಬೇಕು, ಗುತ್ತಿಗೆ ಮುಗಿದ ದಿನ ಅದರೊಳಗಿನ ಪಟ್ಟಿ ಅಳಿಸಿ ಬರೆದುಕೊಡಬೇಕು, ತಪ್ಪಿದರೆ ಠೇವಣಿ ಮುಟ್ಟುಗೋಲು ಎಂಬ ಷರತ್ತನ್ನು ಮುಂದಿನ ಹರಾಜಿನ ಕರಾರಿಗೆ ಸೇರಿಸಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.